ಮಿಲ್ಟ್ರಿ ವಿಶ್ವಣ್ಣನ ಕರಡಿಗೆ

ದೋರನಹಳ್ಳಿಯ ಹುಡುಗರು ಸೈನ್ಯದ ಭರ್ತಿಗೆ ಹೊರಟರೆ ಮೊದಲು ಗುಡಿಗೆ ಹೋಗುತ್ತಾರೆ, ಆಮೇಲೆ ದರ್ಗಾಕ್ಕೆ, ಕೊನೆಗೆ ವಿಶ್ವರಾಧ್ಯನ ಮನೆಗೆ. ವಿಶ್ವರಾಧ್ಯ ದೇವರಲ್ಲ, ಸ್ವಾಮಿಯೂ ಅಲ್ಲ. ಹವಾಲ್ದಾರನಾಗಿ ನಿವೃತ್ತನಾಗಿ, ಈಗ ಶಹಾಪುರದಲ್ಲಿ ಒಂದು ಬ್ಯಾಂಕಿನ ಬಾಗಿಲಿಗೆ ಬಂದೂಕು ಹಿಡಿದು ನಿಲ್ಲುವ ಐವತ್ಮೂರರ ಮನುಷ್ಯ. ಆದರೆ ಅವನ ಕೊರಳಲ್ಲಿ ಒಂದು ಬೆಳ್ಳಿಯ ಕರಡಿಗೆ ಇದೆ. ಇಷ್ಟಲಿಂಗವನ್ನು ಒಳಗಿಟ್ಟು ಶಿವದಾರದಲ್ಲಿ ಕಟ್ಟಿಕೊಳ್ಳುವ, ನಿಂಬೆಹಣ್ಣಿನಷ್ಟು ಗಾತ್ರದ ಕರಡಿಗೆ. ಅವನ ಅಜ್ಜನದು.

ತೊಂಬತ್ತೊಂಬತ್ತರ ಯುದ್ಧದಲ್ಲಿ ಅವನ ತುಕಡಿಯ ಹನ್ನೊಂದು ಜನ ಬೆಟ್ಟ ಹತ್ತಿ ನಾಲ್ವರು ಇಳಿದಿದ್ದರು. ವಿಶ್ವರಾಧ್ಯನ ಮೈಮೇಲೆ ಒಂದು ಗೀರೂ ಇರಲಿಲ್ಲ. ಊರು ಅವನನ್ನು ಬ್ಯಾಂಡು ಬಾರಿಸಿ ಮೆರವಣಿಗೆ ಮಾಡಿತು. ಮಠದ ಸ್ವಾಮಿಗಳು ವೇದಿಕೆಯ ಮೇಲೆ ಅವನ ಕೊರಳಿನ ಕರಡಿಗೆಯನ್ನು ಎತ್ತಿ ಹಿಡಿದು, "ಇವನ್ನ ಕಾಯ್ದದ್ದು ಬಂದೂಕಲ್ಲ, ಇದು" ಎಂದರು. ಅಲ್ಲಿಗೆ ಮುಗಿಯಿತು. ಬದುಕಿ ಬಂದ ಉಳಿದ ಮೂವರ ಕೊರಳಲ್ಲಿ ಏನಿತ್ತೆಂದು ಯಾರೂ ಕೇಳಲಿಲ್ಲ. ಸತ್ತ ಏಳು ಜನರ ಕೊರಳಲ್ಲಿ ಏನಿತ್ತೆಂದು ಕೇಳುವುದಂತೂ ದೂರದ ಮಾತು.

ಅಂದಿನಿಂದ ಭರ್ತಿಗೆ ಹೋಗುವ ಹುಡುಗರು ಬಾಗಿಲಲ್ಲಿ ನಿಂತು, "ವಿಶ್ವಣ್ಣಾ, ಒಂದೀಟು ಮುಟ್ಟಿ ಹೋಗ್ತೀನ್ರಿ" ಎನ್ನುತ್ತಾರೆ. ಅವನು ಉಣ್ಣುತ್ತಿದ್ದರೂ ಎದ್ದು ಬಂದು, ಅಂಗಿಯ ಗುಂಡಿ ಬಿಚ್ಚಿ ಎದೆ ಮುಂದೆ ಮಾಡಿ ನಿಲ್ಲುತ್ತಾನೆ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದೆಂಬ ಕಟ್ಟಳೆಯನ್ನು ಊರು ತಾನೇ ಸಡಿಲು ಮಾಡಿಕೊಂಡಿತ್ತು: ಕರಡಿಗೆ ಮುಟ್ಟಿದರೆ ಲಿಂಗ ಮುಟ್ಟಿದಂತಲ್ಲವಂತೆ. ಜನಕ್ಕೆ ಬೇಕಾದಾಗ ಶಾಸ್ತ್ರಕ್ಕೆ ಕಿಟಕಿ ಇದ್ದೇ ಇರುತ್ತದೆ.

ಅವರಲ್ಲಿ ಮಲ್ಲೇಶ್ವರಿಯ ಮಗನೂ ಒಬ್ಬ. ಕರಡಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡು, "ಇನ್ನ ನನಗೇನಾಗಂಗಿಲ್ಲ ಬಿಡ್ರಿ ಅಣ್ಣಾ" ಎಂದು ನಕ್ಕು ಹೋಗಿದ್ದ. ಮೂರನೆಯ ವರ್ಷ ಗಡಿಯ ಕಾವಲಿನಲ್ಲಿ ಗುಂಡು ತಿಂದು ಪೆಟ್ಟಿಗೆಯಲ್ಲಿ ಬಂದ. ಮಣ್ಣಿಗೆ ಹೋದ ದಿನ ವಿಶ್ವರಾಧ್ಯ ಆ ತಾಯಿಯ ಮುಂದೆ ತಲೆ ತಗ್ಗಿಸಿ ನಿಂತರೆ, ಆಕೆಯೇ ಇವನಿಗೆ ಸಮಾಧಾನ ಹೇಳಿದಳು: "ನಿಮ್ಮದೇನು ತಪ್ಪ್ರೀ ಅಣ್ಣಾ? ಚಪ್ಪಲಿ ಕಳೀಲಾರದ ಮುಟ್ಟಿದ್ದ. ನಾ ಅವತ್ತಽ ನೋಡಿದ್ದೆ, ಬಾಯಿಬಿಟ್ಟು ಹೇಳಲಿಲ್ಲ." ಅದಾದ ಮೇಲೆ ವಿಶ್ವರಾಧ್ಯನಿಗೆ ಆದ ದಣಿವು ನಿದ್ದೆಯಿಂದ ಹೋಗುವಂಥದ್ದಾಗಿರಲಿಲ್ಲ.

ವಿಷಯ ಇಷ್ಟೇ. ಆ ಕರಡಿಗೆಯಲ್ಲಿ ಲಿಂಗವಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಇರಲಿಲ್ಲ. ಒಳಗಿದ್ದದ್ದು ಒಂದು ಬೆಣಚುಕಲ್ಲು.

ಇದು ಹೆಂಡತಿ ಕಸ್ತೂರಿಗೆ ಗೊತ್ತಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ಅವನು ದೇವರ ಕೋಣೆಯ ಬಾಗಿಲು ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕೂರುತ್ತಾನೆ. ಆ ಕಲ್ಲನ್ನು ಎಡ ಅಂಗೈಯಲ್ಲಿಟ್ಟು ವಿಭೂತಿ ಹಚ್ಚುತ್ತಾನೆ, ನೀರೆರೆಯುತ್ತಾನೆ. ಏನು ಬೇಡಬೇಕೆಂದು ತಿಳಿಯದೆ ಸುಮ್ಮನೆ ನೋಡುತ್ತ ಕೂತು ಎದ್ದು ಬರುತ್ತಾನೆ. ಹೊಸ ಲಿಂಗ ಪಡೆಯಲು ಗುರುಗಳ ಮುಂದೆ ಹೋದರೆ ಹಳೆಯದೆಲ್ಲಿ ಎಂದು ಕೇಳುತ್ತಾರೆ. ಹೇಳಿದರೆ ಮಾತು ಸಂಜೆಯೊಳಗೆ ಸುರಪುರ ಮುಟ್ಟುತ್ತದೆ. ಸುರಪುರದಲ್ಲಿ, ಯುದ್ಧದಲ್ಲಿ ಸತ್ತ ಅವನ ಜೊತೆಗಾರನ ತಾಯಿ ಮದೀನಾಬೀ ಇದ್ದಾಳೆ. ಅವಳಿಗೆ ಅವನು ಹೇಳಿದ್ದು ಬೇರೆ. ಹೀಗಾಗಿ ಅದು ಬಾಯಲ್ಲಿನ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಆ ಮೇ ತಿಂಗಳು ರಜೆಗೆ ಬಂದಿದ್ದ ಮಗ ಶರಣಕುಮಾರನಿಗೆ ಫೋನು ಬಂತು. ರಜೆ ರದ್ದು, ಸಿಕ್ಕ ರೈಲು ಹಿಡಿದು ಬಾ ಎಂದು. ಅವನೂ ಸಿಪಾಯಿ, ಜಮ್ಮುವಿನ ಕಡೆ ಇದ್ದಾನೆ. ಟಿವಿಯವರಂತೂ ಎರಡು ದಿನದಿಂದ ತಾವೇ ಮೀಸೆ ತಿರುವಿ ಗಡಿ ದಾಟಿಬಿಟ್ಟಿದ್ದರು. ವಿಶ್ವರಾಧ್ಯ ಎದ್ದು ಟಿವಿ ಆರಿಸಿದ. ಕಸ್ತೂರಿ ಎದ್ದು ರೊಟ್ಟಿ ಬಡಿಯಲು ಕೂತಳು. ಅವಳಿಗೆ ಹೆದರಿಕೆಯಾದರೆ ಕೈ ಜೋರು; ಆ ದಿನ ಆ ಸಪ್ಪಳ ಮೂರು ಮನೆಯಾಚೆ ಕೇಳುತ್ತಿತ್ತು.

ಹನ್ನೊಂದು ಗಂಟೆಯೊಳಗೆ ಊರಿನ ದೇವರೆಲ್ಲ ಮನೆಗೆ ಬಂದವು. ಕೊಡೇಕಲ್ಲಿನಿಂದ ತಂದ ದಾರ, ಯಾರದೋ ಮನೆಯ ವಿಭೂತಿ ಗಟ್ಟಿ, ದರ್ಗಾದ ಹಸಿರು ನೂಲು, ಮಂತ್ರಿಸಿದ ನಿಂಬೆಹಣ್ಣು. ಶರಣಕುಮಾರ ಬೇಡವೆನ್ನದೆ ಎಲ್ಲವನ್ನೂ ಚೀಲದ ಪಕ್ಕದ ಜೇಬಿಗೆ ತುಂಬಿದ. ಆಗ ಕಸ್ತೂರಿ ಹಿಟ್ಟಿನ ಕೈ ತೊಳೆದು ಬಂದು ಗಂಡನ ಮುಂದೆ ನಿಂತಳು.

"ರೀ, ನಿಮ್ಮ ಕರಡಿಗಿ ಅವಂಗ ಕೊಡ್ರಿ."

"ಹಂಗ ಕೊಡೋದಲ್ಲ ಅದು."

"ಲಿಂಗ ಕೊಡ್ರಿ ಅನ್ನಾಕತ್ತಿಲ್ಲ ನಾ. ಅವಂದು ಅವಂಗದ. ಅರಿವ್ಯಾಗ ಕಟ್ಕೊಂಡಾನ, ಮಳಿಗೆ ತೋಯ್ತದ. ಕರಡಿಗಿ ಅಷ್ಟಽ ಕೊಡ್ರಿ. ನಿಮ್ಮ ಲಿಂಗ ಇದರಾಗ ಇಟ್ಕೊಳ್ರಿ." ಅವಳು ಸೆರಗಿನ ಗಂಟು ಬಿಚ್ಚಿ ಒಂದು ಹಿತ್ತಾಳೆಯ ಹೊಸ ಕರಡಿಗೆ ತೆಗೆದಳು. ಶಹಾಪುರದಿಂದ ಯಾವಾಗ ತರಿಸಿಟ್ಟಿದ್ದಳೋ. "ನಿಮ್ಮನ್ನ ತಿರುಗಿ ಕರಕೊಂಡು ಬಂದದ. ಅವನ್ನೂ ಕರಕೊಂಡು ಬರಲಿ."

ಅವಳ ಕಣ್ಣು ನೋಡಿ ವಿಶ್ವರಾಧ್ಯನಿಗೆ ಇಲ್ಲ ಎನ್ನುವ ಧೈರ್ಯ ಬರಲಿಲ್ಲ. ಹಿತ್ತಾಳೆಯ ಕರಡಿಗೆ ತೆಗೆದುಕೊಂಡು ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿದ.

ಒಳಗೆ ಕೂತು ಬೆಳ್ಳಿಯ ಮುಚ್ಚಳ ತೆಗೆದ. ಬಟ್ಟೆ ಬಿಡಿಸಿದರೆ ಅದೇ ಕಲ್ಲು, ಬೂದುಬಣ್ಣದ್ದು, ಒಂದು ಮಗ್ಗುಲು ಮೊನಚು. ಇಪ್ಪತ್ತಾರು ವರ್ಷದ ವಿಭೂತಿ ಅದರ ಸೀಳುಗಳಲ್ಲಿ ಕೂತಿತ್ತು.

ಬೆಟ್ಟದ ಆ ರಾತ್ರಿಗಳು ನೆನಪಾದವು. ಅಲ್ಲಿ ಅವನ ಜೊತೆಗಾರ ಸುರಪುರದ ಅಬ್ದುಲ್ ಕರೀಮ. ಇಬ್ಬರೂ ಒಂದೇ ಸೀಮೆಯವರು, ಇಡೀ ತುಕಡಿಯಲ್ಲಿ ಕನ್ನಡ ಬರುತ್ತಿದ್ದದ್ದು ಇವರಿಬ್ಬರಿಗೇ. ಬಂಡೆಯ ಸಂದಿಯಲ್ಲಿ ಒಂದೇ ಕಂಬಳಿ ಹೊದ್ದು ಕೂತಾಗ ಕರೀಮ ಒಂದು ಮಾತು ತೆಗೆದಿದ್ದ: "ನನಗೇನರ ಆದ್ರ ಜೀವ ಹೋಗೋ ಮುಂಚೆ ಕಿವ್ಯಾಗ ಕಲ್ಮಾ ಹೇಳು ದೋಸ್ತ. ಕಲಸ್ತೀನಿ, ಕಲೀ. ನಿಂದು ನಾ ಕಲ್ತೀನಿ, ಐದಽ ಅಕ್ಷರ." ವಿಶ್ವರಾಧ್ಯ ಚಳಿಗೆ ಹಲ್ಲು ಕಟಕಟಿಸುತ್ತ, "ನಾಳಿ ಕಲೀತೀನಿ ಬಿಡೋ, ಈಗ ಮಕ್ಕೋ" ಎಂದಿದ್ದ. ಮೂರು ರಾತ್ರಿ ಹೀಗೇ ನಾಳೆ ಎಂದ. ಬೆಟ್ಟದಲ್ಲಿ ಎಲ್ಲರೂ ಎಲ್ಲ ದೇವರ ಕಾಲು ಹಿಡಿಯುತ್ತಿದ್ದರು. ಒಬ್ಬ ಕ್ಯಾಲೆಂಡರಿನ ಹನುಮಂತನನ್ನು ಹರಿದು ಹೆಲ್ಮೆಟ್ಟಿನೊಳಗೆ ಇಟ್ಟಿದ್ದ, ಒಬ್ಬ ಬದುಕಿದರೆ ಚಹಾ ಬಿಡುತ್ತೇನೆಂದು ಹರಕೆ ಹೊತ್ತಿದ್ದ. ಅಂಥಲ್ಲಿ ನಾಲ್ಕು ಮಾತು ಕಲಿಯಲು ವಿಶ್ವರಾಧ್ಯನಿಗೆ ಸೋಮಾರಿತನ.

ನಾಲ್ಕನೆಯ ದಿನ ಬೆಳಕು ಹರಿಯುವಾಗ ಕರೀಮನಿಗೆ ಗುಂಡು ದವಡೆಯ ಕೆಳಗೆ ಬಿತ್ತು. ಮಾತು ಹೊರಡಲಿಲ್ಲ. ಕಣ್ಣಿನಿಂದ ಕೇಳಿದ, ಕೈಯಿಂದ ತನ್ನ ಕಿವಿ ತೋರಿಸಿ ಕೇಳಿದ. ವಿಶ್ವರಾಧ್ಯನಿಗೆ ಏನು ಕೇಳುತ್ತಿದ್ದಾನೆಂದು ಗೊತ್ತು. ಕೊಡಲು ಏನೂ ಗೊತ್ತಿಲ್ಲ. ಐದು ವರ್ಷ ಪಕ್ಕದಲ್ಲಿ ಮಲಗಿ ಕೇಳಿದ್ದ ಆ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಆಗ ಕೈ ತನ್ನಷ್ಟಕ್ಕೆ ಕೊರಳಿಗೆ ಹೋಯಿತು. ಅಜ್ಜ ಸತ್ತಾಗ ಮನೆಯವರು ಏನು ಮಾಡಿದ್ದರೋ ಅದನ್ನೇ ಮಾಡಿದ: ಕರಡಿಗೆ ಬಿಚ್ಚಿ, ತನ್ನ ಲಿಂಗ ತೆಗೆದು, ಕರೀಮನ ಎಡ ಅಂಗೈಯಲ್ಲಿಟ್ಟು, ಒಂದೊಂದೇ ಬೆರಳು ಮಡಚಿದ. ಕರೀಮ ಅದನ್ನು ಬಿಗಿಯಾಗಿ ಹಿಡಿದ. ಹಾಗೇ ಹೋದ. ಚಳಿಗೆ ಆ ಮುಷ್ಟಿ ಸೆಟೆದುಕೊಂಡಿತು. ಬಿಡಿಸಲು ವಿಶ್ವರಾಧ್ಯನಿಗೆ ಮನಸ್ಸೂ ಬರಲಿಲ್ಲ, ಹೊತ್ತೂ ಇರಲಿಲ್ಲ. ಆ ಕೈ ಬಿದ್ದಿದ್ದ ಜಾಗದ ಒಂದು ಕಲ್ಲನ್ನು ಎತ್ತಿ ಖಾಲಿ ಕರಡಿಗೆಯಲ್ಲಿ ಹಾಕಿಕೊಂಡ. ಲಿಂಗ ಕಳೆದುಕೊಂಡವರು ನೀರು ಮುಟ್ಟಬಾರದೆಂದು ಅಜ್ಜಿ ಹೇಳುತ್ತಿದ್ದಳು. ಅವನು ಅದೇ ಸಂಜೆ ಹಿಮ ಕರಗಿಸಿ ಕುಡಿದ. ಬಾಯಾರಿಕೆಯಾಗಿತ್ತು.

ಎರಡು ತಿಂಗಳ ಮೇಲೆ ರಜೆಗೆ ಬಂದವನು ಸುರಪುರಕ್ಕೆ ಹೋದಾಗ ಕರೀಮನ ತಾಯಿ ಮದೀನಾಬೀ ಕೇಳಿದ್ದು ಒಂದೇ ಪ್ರಶ್ನೆ: "ಕಲ್ಮಾ ಆತೇನು?" ವಿಶ್ವರಾಧ್ಯ, "ಆತ್ರೀ ಅಮ್ಮೀ, ನಾನಽ ಕಿವ್ಯಾಗ ಹೇಳೀನಿ" ಎಂದ. ಆಕೆ ಅವನ ಎರಡೂ ಕೈ ಹಿಡಿದು ಮುತ್ತು ಕೊಟ್ಟಳು. ಅಂದಿನಿಂದ ಅವನು ಅವಳಿಗೆ ಮಗ. ವರ್ಷಕ್ಕೆ ಎರಡು ಸಲ ಹೋಗಿ ಬರುತ್ತಾನೆ, ಆ ಮನೆಯ ಹಬ್ಬದ ಶೀರಕುರ್ಮಾವನ್ನು ತಲೆ ಎತ್ತದೆ ಕುಡಿದು ಮುಗಿಸುತ್ತಾನೆ.

ಈಗ ಕೆಲಸವೇನೋ ಸುಲಭದ್ದು. ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಹಿತ್ತಾಳೆಯ ಕರಡಿಗೆಗೆ ಹಾಕಿದ, ಬೆಳ್ಳಿಯದನ್ನು ವಿಭೂತಿಯಿಂದ ಉಜ್ಜಿ ಒರೆಸಿದ. ಎರಡು ನಿಮಿಷವೂ ಆಗಲಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡು ಬಾಗಿಲು ತೆಗೆದು ಹೊರಗೆ ಬಂದ.

ಹೊರಗೆ ಮದೀನಾಬೀ ಕೂತಿದ್ದಳು.

ಎಪ್ಪತ್ತೆಂಟರ ಮುದುಕಿ ಬಿಸಿಲಲ್ಲಿ ಎರಡು ಬಸ್ಸು ಬದಲಿಸಿ ಬಂದಿದ್ದಳು. ಕಸ್ತೂರಿಯೇ ಫೋನು ಮಾಡಿದ್ದಳಂತೆ. ಮುದುಕಿ ಶರಣಕುಮಾರನ ಬಲ ರಟ್ಟೆಗೆ ಹಸಿರು ಬಟ್ಟೆ ಕಟ್ಟುತ್ತಿದ್ದಳು, ಅದರೊಳಗೆ ಒಂದು ನಾಣ್ಯ. "ಇಮಾಮ್ ಜಾಮಿನ್ ಇದು ಬೇಟಾ. ಸಹಿ ಸಲಾಮತ್ ಹೋಗಿ ಮುಟ್ಟಿದ ಮ್ಯಾಲ ಬಿಚ್ಚಿ, ಯಾರರ ಫಕೀರಗ ಕೊಡು. ಮರೀಬ್ಯಾಡ."

"ಇಲ್ಲ ದಾದೀಮಾ, ಮರೆಯಂಗಿಲ್ಲ."

ಕಸ್ತೂರಿ ಗಂಡನ ಕೈಯಿಂದ ಬೆಳ್ಳಿಯ ಕರಡಿಗೆ ತೆಗೆದುಕೊಂಡು, ಮಗನ ಲಿಂಗವನ್ನು ಅವನ ಕೈಯಿಂದಲೇ ಅದರಲ್ಲಿ ಇಡಿಸಿ, ಕೊರಳಿಗೆ ಕಟ್ಟಿದಳು. ಬೆಳಗಿನಿಂದ ಮೊದಲ ಸಲ ಅವಳ ಮುಖ ಸಡಿಲವಾಯಿತು. ಶರಣಕುಮಾರ ಕರಡಿಗೆಯನ್ನು ಅಂಗಿಯೊಳಗೆ ಇಳಿಬಿಟ್ಟು, ಮೇಲಿನಿಂದ ಒಮ್ಮೆ ತಟ್ಟಿಕೊಂಡು ನಕ್ಕ.

"ಇನ್ನ ನನಗೇನಾಗಂಗಿಲ್ಲ ಬಿಡ್ರಿ."

ಅದೇ ಮಾತು, ಅದೇ ನಗು. ಮಲ್ಲೇಶ್ವರಿಯ ಮಗ ಇದೇ ಪಡಸಾಲೆಯಲ್ಲಿ ನಿಂತಿದ್ದ. ಈ ಮಾತು ನಂಬಿದವನು ಗಡಿಯಲ್ಲಿ ತಲೆಯನ್ನು ಒಂದು ಗೇಣು ಮೇಲೆ ಎತ್ತುತ್ತಾನೆ. ಒಂದು ಗೇಣು ಸಾಕು.

"ಶರಣೂ, ನಿಂದರು," ಎಂದ ವಿಶ್ವರಾಧ್ಯ. "ಆ ಕರಡಿಗಿ ನನ್ನ ಕಾಯ್ದಿಲ್ಲ."

ಕಸ್ತೂರಿ, "ಹೋಗೋ ಹೊತ್ತಿನ್ಯಾಗ ಏನು ಅಪಶಕುನ ಮಾತಾಡ್ತೀರಿ!" ಎಂದು ಗದರಿದಳು.

ಅವನು ಹಿತ್ತಾಳೆಯ ಕರಡಿಗೆಯ ಮುಚ್ಚಳ ತೆಗೆದು, ಬಟ್ಟೆ ಬಿಡಿಸಿ, ಕಲ್ಲನ್ನು ಅಂಗೈ ಮೇಲೆ ಇಟ್ಟು ಎಲ್ಲರಿಗೂ ಕಾಣುವಂತೆ ಹಿಡಿದ. ಆಮೇಲೆ ನೆಲ ನೋಡುತ್ತ ಹೇಳಿದ. ಗುಂಡು ಎಲ್ಲಿ ಬಿತ್ತು, ಕರೀಮ ಏನು ಕೇಳಿದ, ತನಗೆ ಏನು ಬರಲಿಲ್ಲ, ಕೈಯಲ್ಲಿ ಏನು ಇಟ್ಟ, ಎಲ್ಲವನ್ನೂ. "ಅಮ್ಮೀ, ನಾ ನಿಮಗ ಸುಳ್ಳು ಹೇಳೀನಿ. ಕಲ್ಮಾ ನನಗ ಬರ್ತಿದ್ದಿಲ್ಲ. ನಾಳಿ ಕಲೀತೀನಿ ಅಂದೆ. ಕಲೀಲಿಲ್ಲ." ಮಗನ ಕಡೆ ತಿರುಗಿದ. "ನಾ ಬದುಕಿದ್ದು ಯಾಕಂತ ನನಗ ಗೊತ್ತಿಲ್ಲಪ್ಪ. ಗುಂಡು ಅವಂಗ ಬಿತ್ತು, ನನಗ ಬೀಳಲಿಲ್ಲ, ಅಷ್ಟಽ. ಕೊರಳಾಗ ಏನರ ಕಟ್ಕೋ. ಆದ್ರ ತಲಿ ತಗ್ಗಿಸೋ ಹೊತ್ತಿಗೆ ತಗ್ಗಿಸು. ಇದರ ಮ್ಯಾಲ ಭಾರ ಹಾಕಬ್ಯಾಡ."

ಶರಣಕುಮಾರನ ಮುಖದಿಂದ ನಗು ಇಳಿಯಿತು. ಅವನು ಸುಮ್ಮನೆ "ಹೂಂ ಅಪ್ಪಾ" ಎಂದ. ಕಸ್ತೂರಿ ಗೋಡೆಗೆ ಬೆನ್ನು ಆನಿಸಿ ಕೂತುಬಿಟ್ಟಳು. "ಇಪ್ಪತ್ತಾರು ವರ್ಷ," ಎಂದಳು, "ದಿನಾ ನಿಮ್ಮ ಪೂಜಿಗೆ ನೀರು ಕಾಯಿಸಿ ಕೊಟ್ಟೀನಿ. ಬಾಜೂಕ ಮಲಗೀನಿ. ನನಗರ ಹೇಳಬೇಕಿತ್ತು." ಅವಳಿಗೆ ಸಿಟ್ಟು ಬಂದಿತ್ತು, ಅದು ಕಲ್ಲಿನ ಮೇಲಲ್ಲ.

ಮದೀನಾಬೀ ಆ ಕಲ್ಲನ್ನು ನೋಡಿದಳು. ಆಮೇಲೆ ನೀರು ಕೇಳಿದಳು. ಕುಡಿದು ತಂಬಿಗೆ ಕೆಳಗಿಟ್ಟು ಹೇಳಿದಳು.

"ಪೆಟಗಿ ಬಂದಾಗ ಐದು ಮಿನಿಟು ತೆಗೆದು ತೋರಿಸಿದ್ರು. ಮಾರಿ ನೋಡಿದೆ, ಕೈ ನೋಡಿದೆ. ಎಡಗೈ ಗಟ್ಟಿ ಮುಚ್ಚಿತ್ತು. ಬಿಡಸಾಕ ಹೋದ್ರ ಅವರಪ್ಪ ಬ್ಯಾಡ ಅಂದ್ರು. ಶಹೀದ್ ಆದವಂಗ ಗುಸಲ್ ಇಲ್ಲ, ಮೈ ತೊಳೆಯಂಗಿಲ್ಲ, ಹೆಂಗ ಬಂದಾನ ಹಂಗಽ ಮಣ್ಣು ಕೊಡಬೇಕು, ಕೈಯಾಗ ಏನು ಹಿಡದಾನ ಹಿಡಕೊಂಡು ಹೋಗ್ಲಿ ಅಂದ್ರು." ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅವತ್ತಿಂದ ನನಗ ಒಂದಽ ವಿಚಾರ. ನನ್ನ ಮಗ ಏನು ಹಿಡಕೊಂಡಿದ್ದ? ಮಣ್ಣೇನು? ಚೀಟಿ ಏನು? ನಿನಗ ಕೇಳಬೇಕಂತ ಎಷ್ಟು ಸರ್ತಿ ಬಾಯಿತನಕ ಬಂದದ. ಕೇಳಿದ್ರ ಮತ್ತೇನು ಕೇಳಬೇಕಾಗ್ತದೋ ಅಂತ ಬಿಟ್ಟೆ."

"ತಪ್ಪಾಗ್ಯಾದ್ರಿ ಅಮ್ಮೀ."

"ಆಗ್ಯಾದ," ಎಂದಳು ಮದೀನಾಬೀ. ಬಿಡಿಸಿಯೇ ಹೇಳಿದಳು. "ಕೈಯಾಗ ನಿನ್ನ ದೇವರಿಟ್ಟಿದ್ದು ತಪ್ಪಲ್ಲ. ಅವಂಗ ಹಿಡಕೊಳ್ಳಾಕ ಏನರ ಬೇಕಿತ್ತು, ನಿನ್ನ ಹಂತ್ಯಾಕ ಇದ್ದದ್ದು ಕೊಟ್ಟೀದಿ. ಆದ್ರ ಸುಳ್ಳು ಹೇಳಬಾರದಿತ್ತು. ನೀ ಹೇಳೀದಿ ಅಂತ ನಾ ನಿಶ್ಚಿಂತಿಲಿಂದ ಇದ್ದೆ. ಹೇಳಿಲ್ಲ ಅಂದಿದ್ರ ಅವತ್ತಿಂದ ದಿನಾ ನಾನಽ ಹೇಳತಿದ್ದೆ. ಇಪ್ಪತ್ತಾರು ವರ್ಷ ನನ್ನ ಕೂಸಿಗೆ ಯಾರೂ ಹೇಳಿಲ್ಲ."

ವಿಶ್ವರಾಧ್ಯ ಅಳಲಿಲ್ಲ. ಅಳುವಷ್ಟು ಕಸುವು ಉಳಿದಿರಲಿಲ್ಲ. ಆಕೆಯ ಕಾಲ ಹತ್ತಿರ ಹಾಗೇ ಕೂತ. ಮುದುಕಿ ಅವನ ತಲೆ ಮುಟ್ಟಲಿಲ್ಲ, ಬೈಯಲೂ ಇಲ್ಲ. ಕೊನೆಗೆ ಕೈ ಚಾಚಿದಳು.

"ಆ ಕಲ್ಲು ಅವನು ಬಿದ್ದ ಜಾಗಾದ್ದೇನು?"

"ಹೌದ್ರಿ. ಅವನ ಕೈ ಬುಡಕಿಂದು."

"ತಾ ಇಲ್ಲಿ. ನಿಂದು ನಮ್ಮ ಕಬರಸ್ತಾನದಾಗ ಅದ. ಇದು ನಂದು."

ಅವನು ಕೊಟ್ಟ. ಆಕೆ ಅದನ್ನು ಒರೆಸಲಿಲ್ಲ. ಇವನ ವಿಭೂತಿ ಸಮೇತ ಹಾಗೇ ಎಡಗೈಯಲ್ಲಿ ಹಿಡಿದು ಮುಚ್ಚಿಕೊಂಡಳು.

ಮೂರು ಗಂಟೆಗೆ ಎಲ್ಲರೂ ಡಾಂಬರು ರಸ್ತೆಗೆ ಬಂದರು. ಯಾದಗಿರಿ ಕಡೆಯ ಬಸ್ಸು ಮೊದಲು ಬಂತು. ಶರಣಕುಮಾರ ಎಲ್ಲರ ಕಾಲು ಮುಟ್ಟಿದ. ಹತ್ತುವ ಮುಂಚೆ ಅಂಗಿಯ ಮೇಲೆ ಕೈಯಿಟ್ಟು, "ಇದು ಇರಲಿ ಯವ್ವಾ. ಮುತ್ತಜ್ಜಂದು ಅಂತ ಹಾಕ್ಕೋತೀನಿ" ಎಂದು ತಾಯಿಗೆ ಹೇಳಿದ. ತಂದೆಗೆ, "ತಲಿ ತಗ್ಗಸ್ತೀನಿ ಅಪ್ಪಾ" ಎಂದ. ಸ್ಟೇಷನ್ನಿನ ತನಕ ಬರುತ್ತೇನೆಂದು ಕಸ್ತೂರಿಯೂ ಅದೇ ಬಸ್ಸು ಹತ್ತಿದಳು. ಗಂಡನ ಕಡೆ ತಿರುಗಿ ನೋಡಲಿಲ್ಲ, ಆದರೆ ಕಿಟಕಿಯಿಂದ, "ಬುಟ್ಟ್ಯಾಗ ರೊಟ್ಟಿ ಅದಾವ, ಉಣ್ರಿ" ಎಂದಳು.

ಶಹಾಪುರದ ಬಸ್ಸು ಅರ್ಧ ಗಂಟೆ ತಡವಾಗಿ ಬಂತು. ಮದೀನಾಬೀಗೆ ಮೆಟ್ಟಿಲು ಎತ್ತರ. ಎಡಗೈಯಿಂದ ಸರಳು ಹಿಡಿಯಬೇಕು, ಆಕೆ ಮುಷ್ಟಿ ಬಿಡಲೊಲ್ಲಳು. ವಿಶ್ವರಾಧ್ಯ ರಟ್ಟೆಗೆ ಕೈಹಾಕಿ ಎತ್ತಿ ಹತ್ತಿಸಿದ. ಕಂಡಕ್ಟರ್, "ಆಧಾರ್ ಕಾರ್ಡ್ ತೋರಿಸ್ರಿ ಅಜ್ಜೀ" ಎಂದರೆ, ಕಂಕುಳಿನ ಚೀಲವನ್ನು ಗದ್ದದಿಂದ ತೋರಿಸಿ, "ನೀನಽ ತಕ್ಕೋಪ್ಪ, ಕೈ ಖಾಲಿ ಇಲ್ಲ" ಎಂದಳು.

ಬಸ್ಸು ಇನ್ನೂ ಹೊರಟಿರಲಿಲ್ಲ. ವಿಶ್ವರಾಧ್ಯ ಕಿಟಕಿಯ ಕೆಳಗೆ ನಿಂತಿದ್ದ. ರೂಢಿಯಂತೆ ಕೈ ಎದೆಗೆ ಹೋಯಿತು. ಅಲ್ಲಿ ಅಂಗಿಯ ಗುಂಡಿ ಬಿಟ್ಟು ಏನೂ ಇರಲಿಲ್ಲ. ಮೇಲೆ ಮದೀನಾಬೀ ಸೀಟಿಗೆ ಒರಗಿ, ಕಣ್ಣು ಮುಚ್ಚಿ, ಆ ಮುಷ್ಟಿಯನ್ನು ತುಟಿಯ ಹತ್ತಿರ ಹಿಡಿದಿದ್ದಳು. ಮಲಗಿದ ಕೂಸಿನ ಕಿವಿಯಲ್ಲಿ ಹೇಳುವಷ್ಟೇ ಸಣ್ಣ ದನಿಯಲ್ಲಿ ಅದಕ್ಕೆ ಕಲ್ಮಾ ಹೇಳುತ್ತಿದ್ದಳು. ಒಮ್ಮೆ ಹೇಳಿ ಮುಗಿಸಿ ಮತ್ತೆ ಮೊದಲಿನಿಂದ ಹಿಡಿದಳು. ಬಸ್ಸು ಹೊರಡುವಷ್ಟರಲ್ಲಿ ಕೆಳಗೆ ನಿಂತವನಿಗೆ ಮೊದಲಿನ ಎರಡು ಮಾತು ಬಾಯಿಗೆ ಬಂದಿದ್ದವು.